ಹಸು ಚೆನ್ನಾಗಿದೆ, ಹುಡುಗಿ ಎಲ್ಲಿ?

ಅಮೆರಿಕದ ಕೆಂಟಕಿಯ ಗುಡ್ಡಗಾಡಿನಲ್ಲಿ ನಮ್ಮ ಊರುಗಳಿವೆ. ಆ ಅಂಕುಡೊಂಕು ರಸ್ತೆ ಹತ್ತಿ ಆಟಗಾರರನ್ನು ಹುಡುಕಿಕೊಂಡು ಕಾಲೇಜಿನ ಯಾವ ಕೋಚೂ ಬರುವುದಿಲ್ಲ. ಹಾಗಂತ ನಮ್ಮ ಮಕ್ಕಳ ತೋಳಿನಲ್ಲಿ ಕಸುವಿಲ್ಲವೇ? ವರ್ಲಿನ್ ತಾತನ ಮೊಮ್ಮಗಳು ರೇಲೀನ್ ಡಿಸ್ಕಸ್ ತಟ್ಟೆ ಎಸೆದರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಹೈಸ್ಕೂಲಿನ ಕೊನೆಯ ವರ್ಷ ಅವಳದು. ಯಾವುದಾದರೂ ಕಾಲೇಜಿನ ತಂಡಕ್ಕೆ ಸೇರಿದರೆ ಓದಿನ ಖರ್ಚಿಗೂ ನೆರವು ಸಿಗುತ್ತಿತ್ತು. ಇಲ್ಲವಾದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಸಂಜೆ ಪಕ್ಕದ ಮನೆಯ ಡೆಲ್ಫಾ ಬಂದಳು. ಅವಳ ಮಗ ಹೋದ ವರ್ಷ ಕುಸ್ತಿಯ ಬಲದಿಂದಲೇ ಕಾಲೇಜು ಸೇರಿದ್ದ.

"ಏನ್ ವರ್ಲಿನಣ್ಣ, ರೇಲೀನ್ ಕೋಚುಗಳಿಗೆ ಬರೆದ್ಲಾ?"

"ಬರೆಯೋದ್ಯಾಕೆ? ಚೆನ್ನಾಗಿ ಎಸೆದ್ರೆ ಅವರೇ ಹುಡುಕ್ಕೊಂಡು ಬರ್ತಾರೆ. ನಮ್ಮ ತುತ್ತೂರಿ ನಾವೇ ಊದ್ಕೊಳ್ಳೋದಾ? ನಮ್ಮ ವಂಶದಲ್ಲೇ ಇಲ್ಲ."

"ಹೋರಿ ಮಾರೋವಾಗ ಮೈ ತೊಳ್ದು, ಬಾಚಿ, ಊರಿಗೆಲ್ಲಾ ಹೇಳ್ಕೊಂಡು ಬರ್ತೀಯ. ಮೊಮ್ಮಗಳ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ!"

ತಾತನಿಗೆ ನಗು ತಡೆಯಲಾಗಲಿಲ್ಲ. "ಸರಿ ಕಣಮ್ಮ, ಆದ್ರೆ ಅದಕ್ಕೆಲ್ಲಾ ಏಜೆಂಟ್ರು ದುಡ್ಡು ಕೇಳ್ತಾರಂತಲ್ಲ?"

"ಏಜೆಂಟೂ ಬೇಡ, ಗೀಜೆಂಟೂ ಬೇಡ. ಇಮೇಲಿಗೇನು ಖರ್ಚು? ಕಾಲೇಜು ಆಟಕ್ಕೆ ಹೆಸರು ಬರೆಸೋ ನೋಂದಣಿ ಶುಲ್ಕ ಕಟ್ಟೋಕಾಗ್ದಿದ್ರೆ ಶಾಲೆ ಕೌನ್ಸೆಲರನ್ನ ಕೇಳು, ಮಾಫಿಗೆ ದಾರಿ ಹೇಳ್ತಾರೆ. ನಮಗೂ ಹೇಳಿದ್ರು. ಯಾವ್ಯಾವ ಪಾಠ ಓದಿರ್ಬೇಕು ಅಂತಾನೂ ಅವರೇ ನೋಡ್ತಾರೆ. ಆದ್ರೆ ಪತ್ರ ಹುಡುಗೀನೇ ಬರೀಬೇಕು. ಎಸೆತದ ದೂರ, ಶಾಲೆ ಅಂಕ, ಒಂದು ವಿಡಿಯೋ. ಅಷ್ಟೇ."

ರೇಲೀನ್ ಪತ್ರ ಬರೆದಳು. ವಿಡಿಯೋ ತೆಗೆಯುವ ಕೆಲಸ ತಾತನ ಪಾಲಿಗೆ ಬಂತು. ದೊಡ್ಡ ಕಾಲೇಜುಗಳಿಂದ ಉತ್ತರವೇ ಇಲ್ಲ. ಒಂದು ಸಣ್ಣ ಕಾಲೇಜಿನ ಕೋಚಮ್ಮ ಮಾತ್ರ ಬರೆದಳು: "ನಿಮ್ಮ ಹಸುಗಳು ಬಲು ಚೆನ್ನಾಗಿವೆ. ಹುಡುಗಿ ಎಲ್ಲಿ?"

ಆಗಿದ್ದು ಇಷ್ಟೇ. ಡಿಸ್ಕಸ್ ಕೈ ಬಿಟ್ಟ ಕೂಡಲೇ ತಾತ ಫೋನಿನ ಕ್ಯಾಮೆರಾವನ್ನು ಅದರ ಹಿಂದೆಯೇ ತಿರುಗಿಸಿದ್ದ, ಅದು ಹುಲ್ಲುಗಾವಲಿನ ಹಸುಗಳ ಹತ್ತಿರ ಬೀಳುವವರೆಗೂ!

"ಎಷ್ಟು ದೂರ ಹೋಯ್ತು ಅಂತ ತೋರಿಸ್ಬೇಡ್ವಾ ಮಗಾ?"

"ದೂರಾನ ಟೇಪು ಹೇಳುತ್ತೆ ತಾತ. ಅವರಿಗೆ ಬೇಕಾಗಿರೋದು ನನ್ನ ಕಾಲು. ಹೇಗೆ ತಿರುಗ್ತೀನಿ ಅನ್ನೋದು."

ಈ ಸಲ ತಾತ ಫೋನನ್ನು ಬೇಲಿಯ ಕಂಬಕ್ಕೆ ಕಟ್ಟಿಬಿಟ್ಟ. "ಇದಕ್ಕಾದ್ರೆ ಕತ್ತು ತಿರುಗಿಸೋ ಚಟ ಇಲ್ಲ" ಎಂದು ತನ್ನನ್ನೇ ಬೈದುಕೊಂಡ.

ಹೊಸ ವಿಡಿಯೋ ಕಳಿಸಿ ವಾರ ಕಳೆಯುವುದರೊಳಗೆ ಕೋಚಮ್ಮನೇ ಫೋನು ಮಾಡಿದಳು. ಕಾಲೇಜು ನೋಡಲು ಬರಬೇಕಂತೆ, ತಂಡದಲ್ಲಿ ಜಾಗವಿದೆಯಂತೆ. ಓದಿನ ನೆರವಿಗೆ ಅರ್ಜಿ ಹಾಕುವುದನ್ನೂ ಹೇಳಿಕೊಟ್ಟಳು. ಕೊನೆಗೆ ಕೇಳಿದಳು, "ಇಷ್ಟು ಒಳ್ಳೆ ಹುಡುಗಿ ವಿಷಯ ಇಲ್ಲೀತನಕ ನನ್ನ ಕಿವಿಗೆ ಯಾಕೆ ಬೀಳ್ಲಿಲ್ಲ?"

ರೇಲೀನ್ ಫೋನನ್ನು ತಾತನ ಕಡೆ ಚಾಚಿದಳು. ತಾತ ಫೋನು ಇಸಿದುಕೊಂಡ. ಅವನ ಕಣ್ಣು ತುಂಬಿತ್ತು, ಎದೆಯೂ ಹೆಮ್ಮೆಯಿಂದ ತುಂಬಿತ್ತು.

"ನಾವು ಹೇಳಿರ್ಲಿಲ್ಲ ತಾಯಿ, ಅದಕ್ಕೆ. ಈಗ ಹೇಳ್ತೀನಿ ಕೇಳಿ, ಇವಳು ನನ್ನ ಮೊಮ್ಮಗಳು!"

ನಿಮ್ಮ ಮನೆಯಲ್ಲೂ ಓಡುವ, ಈಜುವ, ಎಸೆಯುವ ಮಗುವಿದೆಯೇ? ಯಾರೋ ಬಂದು ಕರೆಯಲಿ ಎಂದು ಕಾಯಬೇಡಿ. ನಾಳೆಯೇ ಶಾಲೆಯ ಕೌನ್ಸೆಲರನ್ನು ಕಾಣಿ. ಮಗುವಿನ ಕೈಯಿಂದಲೇ ಪತ್ರ ಬರೆಸಿ. ಉತ್ತರ ಬಾರದಿದ್ದರೆ ಇನ್ನೊಂದು ಕಾಲೇಜಿಗೆ ಬರೆಸಿ, ಸಣ್ಣ ಕಾಲೇಜುಗಳನ್ನು ಮರೆಯಬೇಡಿ. ಬಡತನಕ್ಕೆ ನಾಚಿಕೊಂಡು ಶುಲ್ಕ ಮಾಫಿ ಕೇಳದೆ ಇರಬೇಡಿ, ಅದು ನಿಮ್ಮ ಮಗುವಿಗೆಂದೇ ಇಟ್ಟಿರುವುದು. ನಮ್ಮ ಮಕ್ಕಳ ಬಗ್ಗೆ ನಾವೇ ಹೇಳದಿದ್ದರೆ ಇನ್ನಾರು ಹೇಳಬೇಕು?