ಕೊಂಬಿನೊಳಗಿನ ಎಡಗೈ

ನಾನು ಒಂದು ಕೊಂಬಿನ ಸ್ಪೀಕರ್. ಧಾರವಾಡದ ಬಡಗಿಯೊಬ್ಬರ ಶೆಡ್ಡಿನಲ್ಲಿ ದಪ್ಪ ಪ್ಲೈವುಡ್ಡಿನಿಂದ ಹುಟ್ಟಿದೆ. ಹೊರಗಿನಿಂದ ನೋಡಿದರೆ ಬಟ್ಟೆಯ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ, ಅಷ್ಟೇ. ಒಳಗೆ ಮಾತ್ರ ಕಿರಿದಾದ ಗಂಟಲೊಂದು ಮಡಚಿ ಮಡಚಿ ತಿರುಗುತ್ತ, ನಿಧಾನವಾಗಿ ಅಗಲವಾಗುತ್ತ, ಕೊನೆಗೆ ದೊಡ್ಡ ಬಾಯಿಯಾಗಿ ತೆರೆದುಕೊಳ್ಳುತ್ತದೆ. ಗಂಟಲಿನ ಬುಡದಲ್ಲಿರುವ ಕಾಗದದ ಕೋನ್ ತುಸು ಅದುರಿದರೂ ಸಾಕು, ಬಾಯಿಯಿಂದ ತುಂಬು ದನಿ ಹೊರಡುತ್ತದೆ.

ನನ್ನನ್ನು ಹೀಗೆ ರೂಪಿಸಿದವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನೀಲಗಂಗಾ ಕಮ್ಮಾರ. ಅವರ ತಂದೆ ರಾಚಪ್ಪ ತಬಲಾ ವಾದಕರು. ತಬಲಾ ಜೋಡಿಯಲ್ಲಿ ಕೆಳದನಿ ಕೊಡುವ ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ, ಜಾರಿಸಿ, ಚರ್ಮವನ್ನೇ ಮಾತಾಡಿಸುತ್ತಿದ್ದ ಅವರ ಎಡಗೈ ಊರಿಗೆಲ್ಲ ಗೊತ್ತಿತ್ತು. ಲಕ್ವಾ ಹೊಡೆದ ಮೇಲೆ ಆ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ರಾಚಪ್ಪ ಶಿಷ್ಯರನ್ನೆಲ್ಲ ಕಳಿಸಿಬಿಟ್ಟರು. ಉಳಿದದ್ದು ತಾವೇ ನುಡಿಸಿದ ಹಳೆಯ ಕಛೇರಿಯೊಂದರ ಟೇಪು. ಮನೆಯ ಸ್ಪೀಕರಿನಲ್ಲಿ ಅದನ್ನು ಹಾಕಿದರೆ ಮುಖ ತಿರುಗಿಸುತ್ತಿದ್ದರು.

"ಬಂದ್ ಮಾಡವಾ. ಬರೇ ಗುಂಯ್ ಅಂತೈತಿ. ಅದು ನನ್ನ ಕೈ ಅಲ್ಲ."

ಆ ಕೈಯನ್ನು ಇದ್ದಂತೆಯೇ ಕೇಳಿಸಬೇಕೆಂದು ಮಗಳು ಹಟ ಹಿಡಿದದ್ದು ಆಗ.

ಮೊದಲ ಸಲ ನಾನು ಸೋತೆ. ನೀಲಗಂಗಾ ಎದುರಿಗೆ ಮೈಕ್ ಇಟ್ಟು, ನನ್ನಿಂದ ಒಂದೊಂದೇ ಕೆಳದನಿ ಹೊರಡಿಸಿದರು. ಒಂದಕ್ಕೆ ಕಿಟಕಿ ನಡುಗಿತು, ಮುಂದಿನದು ಕೇಳಿಸಲೇ ಇಲ್ಲ. ದನಿಯ ಏರಿಳಿತ ತೋರಿಸುವ ಪರದೆಯ ಮೇಲಿನ ಗೆರೆ ಗುಡ್ಡ ಹತ್ತಿ ಗುಂಡಿಗೆ ಬೀಳುತ್ತಿತ್ತು.

"ಅಕ್ಕಾರ, ಇಷ್ಟ್ ಜೋರ್ ಹೊಡೀತೈತಲ್ಲ, ಸಾಲದೇನ್ರಿ?" ಎಂದರು ಬಡಗಿ ಮೌನೇಶ.

"ಜೋರ್ ಯಾರಿಗೆ ಬೇಕಾಗೇತಿ, ಮೌನೇಶಣ್ಣ? ಇದ್ದದ್ದು ಇದ್ದಂಗ ಬರಬೇಕು."

ನನ್ನ ಬಾಯಿ ಸಣ್ಣದಾಗಿತ್ತು. ಕೆಳದನಿಗಳು ಬಾಯಿಯವರೆಗೆ ಬಂದು, ಹೊರಡಲಾರದೆ ಒಳಕ್ಕೇ ಮರಳುತ್ತಿದ್ದವು. ನೀಲಗಂಗಾ ಮತ್ತೆ ಲೆಕ್ಕ ಹಾಕಿದರು. ಮೌನೇಶ ನನ್ನ ಪಕ್ಕೆಗೆ ಗರಗಸ ಇಟ್ಟರು. ಹೆದರಿಕೆಗಿಂತ ನನಗೆ ಹುರುಪೇ ಹೆಚ್ಚಿತ್ತು. ಗಂಟಲು ಉದ್ದವಾಯಿತು, ಬಾಯಿ ಹಿಗ್ಗಿತು. ರಾಚಪ್ಪನವರ ಕೋಣೆಯ ಮೂಲೆಗೆ ಒತ್ತಿ ನಿಲ್ಲಿಸಿದಾಗ ಎರಡು ಗೋಡೆಗಳೂ ನೆಲವೂ ನನ್ನ ಬಾಯಿಯ ಮುಂದುವರಿಕೆಯೇ ಆದವು. ಗೆರೆ ಈಗ ಹೆಚ್ಚುಕಡಿಮೆ ನೆಟ್ಟಗೆ ಮಲಗಿತು. ಮೌನೇಶ ಚಹಾದ ಲೋಟ ಕೆಳಗಿಟ್ಟು ಗಟ್ಟಿಯಾಗಿ ನಕ್ಕರು.

ನೀಲಗಂಗಾ ಟೇಪು ಹಾಕಿದರು.

ನನ್ನೊಳಗಿಂದ ಡಗ್ಗಾ ಎದ್ದಿತು. ಒಂದು ಪೆಟ್ಟು ಇನ್ನೊಂದರ ಮೇಲೆ ಬೀಳದೆ, ಬಿಡಿಬಿಡಿಯಾಗಿ, ಮಣಿಕಟ್ಟು ಜಾರಿದ ಸದ್ದಿನ ಸಮೇತ. ಕುರ್ಚಿಯಲ್ಲಿ ಒರಗಿದ್ದ ರಾಚಪ್ಪ ನೆಟ್ಟಗೆ ಕೂತರು. ಬಲಗೈ ಎತ್ತಿದರು.

"ನಿಲ್ಲಸು. ಹಿಂದಕ್ಕ ತಗೋ."

ಮಗಳ ಮುಖ ಸಪ್ಪಗಾಯಿತು. ಟೇಪು ಹಿಂದಕ್ಕೆ ಸುತ್ತಿದಳು. ಅದೇ ಸಾಲು ಮತ್ತೆ ಬಂತು.

"ಕೇಳಿದಿ ಇಲ್ಲ? ಆ 'ಧಾ' ಪೆಟ್ಟಿನೊಳಗ ಕೈ ಒಂಚೂರು ಮೊದಲ ಜಾರೇತಿ. ಅವತ್ತ ಎಲ್ಲಾರೂ ವಾಹ್ವಾ ಅಂದಿದ್ರು. ಯಾರಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ." ಅವರ ಕಣ್ಣುಗಳು ಹೊಳೆಯುತ್ತಿದ್ದವು. "ಹೌದವಾ, ಇದು ನನ್ನ ಕೈ. ಡಗ್ಗಾ ತಗೊಂಬಾ. ಹೆಂಗ ಬರಬೇಕಿತ್ತು ಹೇಳ್ತೇನಿ."

"ನಾ ಬಾರಿಸೂದು ಬಿಟ್ಟು ಎಷ್ಟ್ ವರ್ಷ ಆತು, ಅಪ್ಪಾ."

"ಕೈ ಐತಲ್ಲ, ಕೂಡು."

ಮಗಳು ಕೂತಳು. ತಪ್ಪಿದಳು, ಬೈಸಿಕೊಂಡಳು, ನಕ್ಕಳು. ಆ ವಾರವೇ ಹಳೆಯ ಶಿಷ್ಯರು ಒಬ್ಬೊಬ್ಬರಾಗಿ ಮರಳಿದರು.

ರಾಚಪ್ಪ ಈಗ ಇಲ್ಲ. ನನ್ನ ಕೋನಿನ ಅಂಚು ಹರಿದಿದೆ, ತಂತಿ ಕಳಚಿದ್ದಾರೆ, ನೆತ್ತಿಯ ಮೇಲೆ ತಬಲಾದ ಗವಸು ಪೇರಿಸುತ್ತಾರೆ. ಆದರೂ ಸಂಜೆ ನೀಲಗಂಗಾ ಕಲಿಸುವ ಪಾಠ ಶುರುವಾಗಿ ಹುಡುಗಿಯರು ಡಗ್ಗಾ ಬಾರಿಸಿದಾಗ, ಆ ಸದ್ದು ನನ್ನೊಳಗೆ ನುಗ್ಗಿ ಹರಿದ ಕೋನನ್ನು ಅದುರಿಸುತ್ತದೆ. ನುಡಿಯುವ ಕೆಲಸ ಮುಗಿಯಿತು, ಈಗ ಕೇಳುತ್ತೇನೆ. ಒಬ್ಬಳ ಕೈ ಬೇಗ ಜಾರುತ್ತದೆ. ನೀಲಗಂಗಾ ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.