ಬಣ್ಣ ಒಣಗಿದ ಮೇಲೆ

ನನ್ನ ತಮ್ಮನ ಮಗಳು ಹೊರಗಿನವರ ಮುಂದೆ ತುಟಿ ಪಿಟಕ್ಕೆನ್ನುವವಳಲ್ಲ. ಮನೆಯಲ್ಲಿ ಅವಳನ್ನು ಗುಂಡುಸೂಜಿ ಎಂದು ಕರೆಯುತ್ತೇವೆ. ಎಲ್ಲಿ ಸೇರಿಕೊಂಡಿದ್ದಾಳೆ ಎಂದು ಗೊತ್ತೇ ಆಗುವುದಿಲ್ಲ. ಅಂಗಡಿಗಳ ಬೋರ್ಡ್ ಬರೆಯುವ ಅವಳಪ್ಪನೂ ಮಾತಿನಲ್ಲಿ ಜಿಪುಣ. ಅಮ್ಮನಿಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ. ಹಾಗಾಗಿ ಮನೆಗೆಲ್ಲ ಬಾಯಿ ನಾನೇ.

ಒಂದನೇ ತರಗತಿಗೆ ಸೇರಿಸುವ ಮುಂಚೆ ಶಾಲೆಯವರು ಪರೀಕ್ಷೆ ಇಟ್ಟಿದ್ದರು. ಮಗು ಟ್ಯಾಬ್ ಮೇಲೆ ಒಬ್ಬ ಮನುಷ್ಯನ ಚಿತ್ರ ಬಿಡಿಸಬೇಕು. ಕಣ್ಣಿದೆಯಾ, ಕೈಯಿದೆಯಾ, ಬೆರಳಿದೆಯಾ ಎಂದು ನೋಡಿ ಮಗು ಎಷ್ಟು ಬೆಳೆದಿದೆ ಎಂದು ಕಂಪ್ಯೂಟರ್ ಹೇಳುತ್ತದಂತೆ. ಸಾಲದಾದರೆ ಮತ್ತೊಂದು ವರ್ಷ ಶಿಶುವಿಹಾರವೇ. ಓರಗೆಯವರೆಲ್ಲ ಮುಂದೆ ಹೋಗಿ ಇವಳೊಬ್ಬಳೇ ಉಳಿಯುವುದು ನನಗೆ ಬೇಕಿರಲಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿ ನಾನು ಕೂತೆ. ಅವಳು ಬಗ್ಗಿ ಬಿಡಿಸಿದಳು, ಬಿಡಿಸಿಯೇ ಬಿಡಿಸಿದಳು. ಕೊನೆಗೆ ಪರೀಕ್ಷೆಯ ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಈ ಮೂಲೆಯಿಂದ ಆ ಮೂಲೆಗೆ ಬರೀ ನೀಲಿ. ಮನುಷ್ಯರ ಸುಳಿವೇ ಇಲ್ಲ.

"ಆಕಾರ ಕಾಣಿಸ್ತಿಲ್ಲ ಅಂತ ಕಂಪ್ಯೂಟರ್ ಹೇಳ್ತಿದೆ. ಇನ್ನೊಂದು ವರ್ಷ ಇರ್ಲಿ ಬಿಡಿ ಅಮ್ಮ, ಏನವಸರ?" ಎಂದರು ಮೆತ್ತಗೆ.

"ಮನೇಲಿ ಗೋಡೆ ತುಂಬ ಮನುಷ್ಯರನ್ನೇ ಬಿಡಿಸ್ತಾಳೆ ಮೇಡಂ. ಸುಣ್ಣ ಬಳಿದೂ ಬಳಿದೂ ನನ್ನ ಸೊಂಟ ಬಿದ್ದುಹೋಗಿದೆ. ನಿಮ್ಮ ಕಂಪ್ಯೂಟರಿಗೆ ಕನ್ನಡಕ ಹಾಕಿಸಿ."

ನಾನು ಹೀಗೆ ಜಗಳಕ್ಕೆ ನಿಂತಿರುವಾಗ ಗುಂಡುಸೂಜಿ ಪರದೆಯ ಮೇಲೆ ಉಫ್ ಉಫ್ ಎಂದು ಊದಿದಳು. ಸ್ವಲ್ಪ ಕಾದಳು. ಆಮೇಲೆ ಒಂದು ಮೂಲೆಯನ್ನು ಉಗುರಿನಿಂದ ಕೆರೆಯತೊಡಗಿದಳು.

"ಕೆರೀಬೇಡ ಪುಟ್ಟಾ, ಗಾಜಿಗೆ ಗೀರು ಬೀಳುತ್ತೆ," ಎಂದರು ಮೇಡಂ. ಮಗುವಿನ ಕಣ್ಣು ತುಂಬಿಕೊಂಡವು.

ನನಗೆ ಆಗ ಹೊಳೆಯಿತು. ಅವಳಪ್ಪ ಬೋರ್ಡಿನ ಮೇಲೆ ಮೊದಲು ಅಕ್ಷರದ ಆಕಾರಕ್ಕೆ ಟೇಪ್ ಕತ್ತರಿಸಿ ಅಂಟಿಸುತ್ತಾನೆ. ಅದರ ಮೇಲೆಯೇ ಬೋರ್ಡಿಗೆಲ್ಲ ಬಣ್ಣ ಬಳಿಯುತ್ತಾನೆ. ಬಣ್ಣ ಕೊಂಚ ಆರಿದ ಮೇಲೆ ಟೇಪ್ ಕಿತ್ತರೆ ಅಕ್ಷರ ಎದ್ದು ಬರುತ್ತದೆ. ಕೀಳುವ ಕೆಲಸ ಯಾವಾಗಲೂ ಮಗಳದು.

"ಮೇಡಂ, ಅವಳು ಟೇಪ್ ಕೀಳ್ತಿದಾಳೆ," ಎಂದು ಎಲ್ಲವನ್ನೂ ಹೇಳಿದೆ. "ನೀಲಿ ಕೆಳಗೆ ಏನಿತ್ತು ಅಂತ ನೋಡೋಕಾಗುತ್ತಾ?"

ಮೇಡಂ ಮಗುವಿನ ಪಕ್ಕಕ್ಕೆ ಬಂದರು. "ಎಳೆದ ಗೆರೆಯೆಲ್ಲಾ ಇದರಲ್ಲಿ ಉಳಿದಿರುತ್ತೆ," ಎಂದು ಪರದೆಯ ಕೆಳಗಿನ ಒಂದು ಪಟ್ಟಿಯ ಮೇಲೆ ಮಗುವಿನ ಬೆರಳನ್ನೇ ಇಟ್ಟರು. "ಹಿಂದಕ್ಕೆ ಎಳಿ."

ಅವಳು ಎಳೆದಳು. ನೀಲಿ ಸುಲಿಯುತ್ತಾ ಹೋಯಿತು. ಒಳಗಿನಿಂದ ಕನ್ನಡಕ ಬಂತು, ಹತ್ತೂ ಬೆರಳು ಬಂದವು, ಚಪ್ಪಲಿ ಬಂತು, ಅರ್ಧ ಮುಖ ತುಂಬುವಷ್ಟು ದೊಡ್ಡ ಬಾಯಿ ಬಂತು. ಅದು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮೇಡಂ ನಗು ತಡೆದುಕೊಂಡು ಕೇಳಿದರು, "ಅತ್ತೆ ಬಾಯಿ ಯಾಕಪ್ಪಾ ಇಷ್ಟು ದೊಡ್ಡದು?"

ಉತ್ತರ ಕೊಡಲು ನಾನೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗುಂಡುಸೂಜಿ ಹೇಳಿದಳು:

"ಅದ್ರಲ್ಲಿ ನನ್ನ ಮಾತೂ ಇದೆ."

ನನಗೆ ಅಳು ಬಂತು. ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮೇಡಂ ಆ ಚಿತ್ರವನ್ನೇ ಕಂಪ್ಯೂಟರಿಗೆ ಕೊಟ್ಟರು. ಉತ್ತರ ಬರುವವರೆಗೂ ಕಾಯದೆ ಅವಳ ಕಡೆ ಬಗ್ಗಿ ಕೇಳಿದರು, "ಒಂದನೇ ಕ್ಲಾಸಿಗೆ ಬರ್ತೀಯಾ?"

ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ.

"ಬರ್ತೀನಿ," ಎಂದಳು.