ದಾರಿಯನ್ನು ಅನುಮಾನಿಸಿದವನು

ಮಧುಕರನ ಕೊರಳಿಗೆ ಹಾರ ಬಿದ್ದಾಗ ಪುಣೆಯ ಶಿವಾಜಿನಗರದ ಆ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿದ್ದ ಸುಲಭಾಳ ಕೈಗಳು ಮಾತ್ರ ಮಡಿಲಲ್ಲಿದ್ದ ಪುಸ್ತಕದ ಮೇಲೆ ಸುಮ್ಮನಿದ್ದವು.

ಪುಸ್ತಕ ಅವಳ ಅಪ್ಪನದು. ಅದರ ಮೇಲಿನ ಹೆಸರು ಮಧುಕರನದು.

ಅಪ್ಪ ಮಹಾಲಿಂಗ ಹುಟ್ಟಿ ಬೆಳೆದದ್ದು ಪುಣೆಯಲ್ಲೇ, ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರ ತಿದ್ದಿಸಿದವಳು ಅವನ ತಾಯಿ. ಅಂಚೆ ಕಚೇರಿಯಿಂದ ಬಂದು ಚಹಾ ಕುಡಿದವನೇ ಅವನು ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿಗೆ ಹೊರಟುಬಿಡುತ್ತಿದ್ದ. ಅಲ್ಲಿನ ಮಂಜು, ಸಾರೋಟು, ಗ್ಯಾಸಿನ ದೀಪ, ಯಾರೂ ನೋಡದ್ದನ್ನು ನೋಡುವ ಪತ್ತೇದಾರ, ಎಲ್ಲವನ್ನೂ ಒಂದೊಂದಾಗಿ ಕನ್ನಡಕ್ಕೆ ಕರೆತಂದ. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಗೆಳೆಯ ಮಧುಕರ ಓದಿ ಕೊಡುತ್ತೇನೆಂದು ಆ ಕಥೆ ಬರೆದ ಹಾಳೆಗಳ ಕಟ್ಟನ್ನು ಒಯ್ದ. ಅಪ್ಪ ಬಾಗಿಲ ಕಡೆ ನೋಡುತ್ತಲೇ ಸತ್ತ. ಕಟ್ಟು ಮರಳಲಿಲ್ಲ. ಪುಸ್ತಕವಾಗಿ ಅಂಗಡಿಗೆ ಬಂತು.

ಸುಲಭಾ ಕೇಳಲು ಹೋದಾಗ ಮಧುಕರ ನಕ್ಕಿದ್ದ. "ಸಾಕ್ಷಿ ಏನದ ನಿನ್ನ ಹತ್ರ, ಹುಚ್ಚಿ?"

ಆ ನಗುವನ್ನು ಅವಳು ಯಾರಿಗೂ ಹೇಳದೆ ಸಾಕಿಕೊಂಡಿದ್ದಳು. ಪುಸ್ತಕವನ್ನು ಮತ್ತೆ ಮತ್ತೆ ಓದಿದ್ದಳು. ಕಥೆಗಾಗಿ ಅಲ್ಲ, ಕಳ್ಳನ ಕೈ ತಗಲದೆ ಅಪ್ಪನ ಮಾತು ಎಲ್ಲಿ ಹಾಗೇ ಉಳಿದಿದೆ ಎಂದು ನೋಡಲು.

"ಯಾರಿಗರೆ ಏನರೆ ಕೇಳೂದಿದ್ರ ಕೇಳ್ರಿ," ಎಂದರು ಅಧ್ಯಕ್ಷರು.

ಸುಲಭಾ ಎದ್ದು ನಿಂತಳು. "ಮಧುಕರರಾವ್ರ," ಎಂದಳು. ಚಿಕ್ಕಂದಿನಿಂದ ಕರೆದ ಕಾಕಾ ಎಂಬ ಶಬ್ದ ಬಾಯಿಗೆ ಬರಲಿಲ್ಲ. ಅವನ ಹುಬ್ಬು ಅಲುಗಿತು. "ಇಷ್ಟು ವರ್ಷ ಪುಣ್ಯಾದಾಗ ಇದ್ದೀರಿ. ನಿಮ್ಮ ಕನ್ನಡಕ್ಕ ಮರಾಠಿ ಹತ್ತಲಿಲ್ಲೇನ್ರಿ?"

"ಹತ್ತಾಕ ನಾ ಬಿಡಬೇಕಲ್ಲ!" ಮಧುಕರ ಎದೆಯುಬ್ಬಿಸಿದ. "ನಂದು ಧಾರವಾಡದ ಅಪ್ಪಟ ಕನ್ನಡರಿ. ಕಾಯಿಪಲ್ಲೆ ತರೂವಷ್ಟು ಮರಾಠಿ ಬಂದ್ರ ಸಾಕಂದವ ನಾನು. ಈ ಪುಸ್ತಕದಾಗ ಒಂದ ಮರಾಠಿ ಶಬ್ದ ತೋರಿಸ್ರಿ, ಈ ಹಾರ ತಗದು ನಿಮ್ಮ ಕೊರಳಿಗೆ ಹಾಕ್ತೀನಿ."

ಸಭೆ ನಕ್ಕಿತು. ಸುಲಭಾಳೂ ನಕ್ಕಳು. ತಪ್ಪಿಸಿಕೊಳ್ಳುವ ಬಾಗಿಲನ್ನು ಅವನೇ ಒಳಗಿನಿಂದ ಹಾಕಿಕೊಂಡಿದ್ದ.

ಅವಳು ಪುಸ್ತಕ ತೆರೆದು ಓದಿದಳು: "ಸಾರೋಟಿನ ಗಾಲಿಗೆ ಮೆತ್ತಿದ ಕೆಂಪು ಮಣ್ಣನ್ನು ನೋಡಿ ಪತ್ತೇದಾರನು ದಾರಿಯನ್ನು ಅನುಮಾನಿಸಿದ." ತಲೆಯೆತ್ತಿ ಕೇಳಿದಳು: "ಹಂಗಂದ್ರ ಏನ್ರಿ?"

"ಅದರಾಗ ಏನದ? ದಾರಿ ಮ್ಯಾಲೆ ಸಂಶಯ ಬಂತು ಅವಗ. ಈ ದಾರಿ ಸುಮಾರ ಅದ, ಹೋಗಬಾರದು ಅಂತ."

"ಮುಂದಿನ ಸಾಲಿನ್ಯಾಗ ಅದೇ ದಾರಿ ಹಿಡದು ಸೀದಾ ಕೊಲೆಗಾರನ ಮನೀಗೆ ಹೋಗ್ಯಾನಲ್ರಿ!"

ಹಿಂದೆ ಯಾರೋ ಕಿಸಕ್ಕೆಂದರು. ಮಧುಕರ ನೀರು ಕುಡಿದ. ಮೊದಲ ಸಾಲಿನ ಕುರ್ಚಿಗಳಲ್ಲಿ ಕೂತಿದ್ದ, ಮರಾಠಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಭಾಮಾಬಾಯಿ ಕುರ್ಚಿಯಲ್ಲೇ ಹೊರಳಿದರು.

"ಅಯ್ಯ, ಅದು ಸಂಶಯ ಅಲ್ಲರಿ! ನಾವು ಹುಡುಗರಿಗೆ ಪ್ರಯೋಗ ಬರಸ್ತಿದ್ವಲ್ಲ, ಕಂಡದ್ದು ಮೊದಲ, ಆಮ್ಯಾಲೆ ಅನುಮಾನ. ಮರಾಠ್ಯಾಗ ಅನುಮಾನ ಅಂದ್ರ ಕಂಡದ್ದರ ಮ್ಯಾಲಿಂದ ತರ್ಕ ಮಾಡೂದು. ಮಣ್ಣು ನೋಡಿ ಅಂವಾ ದಾರಿ ಗುರ್ತು ಹಿಡದಾನ. ಇದು ಮರಾಠಿ ಸಾಲಿ ಕಲ್ತವ್ರ ಕನ್ನಡ."

ಮಾತು ಮುಗಿದ ಮೇಲೆ ತಾವು ಹೇಳಿದ್ದೇನೆಂದು ಭಾಮಾಬಾಯಿಗೇ ಹೊಳೆಯಿತು. ಅವರು ವೇದಿಕೆಯ ಕಡೆ ನೋಡಿದರು. ಸಭೆಯೂ ನೋಡಿತು.

ಈ ಶಬ್ದಕ್ಕೆ, ಧಾರವಾಡದಿಂದ ಮದುವೆಯಾಗಿ ಬಂದ ಸುಲಭಾಳ ಅವ್ವ ಎಷ್ಟು ನಗುತ್ತಿದ್ದಳು! "ನಿಮ್ಮ ಪತ್ತೇದಾರಗ ಬರೇ ಅನುಮಾನ ನೋಡ್ರಿ," ಎಂದು ಅಪ್ಪನನ್ನು ಕಾಡುತ್ತಿದ್ದಳು. ಅಪ್ಪ ಹಟಕ್ಕೆ ಬಿದ್ದು ತಿದ್ದಿರಲಿಲ್ಲ.

ಮಧುಕರನ ಕೈ ತಾನಾಗಿ ಹಾರದ ಮೇಲೆ ಹೋಯಿತು.

"ಹಾರ ನನಗ ಬ್ಯಾಡ," ಎಂದಳು ಸುಲಭಾ. "ಈ ಶಬ್ದ ಬರೆದವ್ರು ಯಾರು, ಅವರ ಹೆಸರು ಹೇಳ್ರಿ ಸಾಕು."

ಅಧ್ಯಕ್ಷರು ಕೆಮ್ಮಿದರು. ಸುಲಭಾ ಕೂರಲಿಲ್ಲ. ಅಪ್ಪ ಬಾಗಿಲು ನೋಡಿದ ಹಾಗೆ ಅವಳು ಅವನ ಬಾಯಿಯನ್ನೇ ನೋಡುತ್ತ ನಿಂತಳು.

ಕೊನೆಗೆ ಅವನು ತಲೆ ತಗ್ಗಿಸಿ, ಮೈಕಿನಿಂದ ಮುಖ ಸರಿಸಿ ಒಂದು ಹೆಸರು ಗೊಣಗಿದ.

"ಕೇಳಸಲಿಲ್ಲರಿ," ಎಂದಳು ಸುಲಭಾ. "ಜೋರಾಗಿ ಹೇಳ್ರಿ."